ಆಸ್ಪಿಕ್ ಎಂದರೆ ಜೆಲ್ಲಿಯಲ್ಲ

‘ಬೇಯಿಸಿದ ಕೋಳಿಗೆ ಆಸ್ಪಿಕ್ ಸವರಿ’ ಎಂದು ಮೊನ್ನೆ ಇನ್ನೊಂದು ಅಡುಗೆ ಬರಹದಲ್ಲಿ ಓದಿದೆ. ಫ್ರೆಂಚ್ ಅಡುಗೆಯಲ್ಲಿ ಸವರುವುದು ಆಸ್ಪಿಕ್ ಅಲ್ಲ, ಜೆಲೇ, ಅಂದರೆ ಹೆಪ್ಪುಗಟ್ಟುವ ಸಾರು. ಆಸ್ಪಿಕ್ ಆ ಸಾರಿನಿಂದ ಅಚ್ಚಿನಲ್ಲಿ ಮಾಡುವ ತಣ್ಣನೆಯ ತಿನಿಸು. ಸಕ್ಕರೆ ಪಾಕವನ್ನು ಜಾಮೂನು ಎಂದು ಕರೆದರೆ ಯಾರಾದರೂ ಒಪ್ಪುತ್ತಾರೆಯೇ?

ಕರುವಿನ ಕಾಲು, ಮೂಳೆ, ಹಂದಿಯ ಚರ್ಮವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸಿ, ತಣಿಸಿದಾಗ ಹೆಪ್ಪುಗಟ್ಟುವ ಸಾರು ಜೆಲೇ. ಅಚ್ಚನ್ನು ಮಂಜುಗಡ್ಡೆಯ ಮೇಲೆ ಹೊರಳಿಸುತ್ತಾ ಒಳಗೋಡೆಗೆಲ್ಲ ಆ ಸಾರಿನ ತೆಳುಪದರ ಹಿಡಿಸಬೇಕು. ಅದರ ಮೇಲೆ ಟ್ರಫಲ್ ಎಂಬ ಅಣಬೆ, ಮೊಟ್ಟೆಯ ಬಿಳಿಯ ಚೂರುಗಳನ್ನು ಅಂಟಿಸಿ, ನಡುವೆ ಮಾಂಸವನ್ನೋ ಮೀನನ್ನೋ ಇಟ್ಟು, ಮತ್ತೆ ಜೆಲೇ ಸುರಿದು ಗಟ್ಟಿಯಾಗಲು ಬಿಡಬೇಕು. ಆಮೇಲೆ ಅಚ್ಚನ್ನು ಒಂದು ಕ್ಷಣ ಬಿಸಿನೀರಿನಲ್ಲಿ ಅದ್ದಿ ತಟ್ಟೆಗೆ ಮಗುಚಿದರೆ, ಒಳಗಿನದೆಲ್ಲ ಗಾಜಿನಾಚೆ ಕಂಡಂತೆ ಕಾಣುವ ಆ ಇಡೀ ತಿನಿಸೇ ಆಸ್ಪಿಕ್.

ಗೊಂದಲ ನಮಗೆ ಬಂದದ್ದು ಇಂಗ್ಲಿಷಿನ ಮೂಲಕ. ಅಲ್ಲಿ ಜೆಲ್ಲಿಗೂ ಆಸ್ಪಿಕ್ ಎನ್ನುವ ರೂಢಿ ಬೇರೂರಿದೆ. ಫ್ರೆಂಚಿನಲ್ಲಿ ‘ಜೆಲೇ’ ಹೆಪ್ಪುಗಟ್ಟು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ನಮ್ಮ ಜೆಲ್ಲಿ, ಜೆಲಾಟಿನ್ ಎರಡೂ ಅದೇ ಬಳಗದವು. ‘ಆಸ್ಪಿಕ್’ ಎಂದರೆ ಆ ಭಾಷೆಯಲ್ಲಿ ವಿಷದ ಹಾವು. ‘ಹಾವಿನಷ್ಟು ತಣ್ಣಗೆ’ ಎಂಬ ಹಳೆಯ ಮಾತಿನಿಂದ ತಿನಿಸಿಗೆ ಆ ಹೆಸರು ಬಂತು ಎಂದು ಕೆಲವರು, ಜೆಲೇಯ ಬಣ್ಣಗಳು ಹಾವಿನ ಮೈಯನ್ನು ನೆನಪಿಸಿದ್ದರಿಂದ ಎಂದು ಕೆಲವರು. ಒಂದು ಬಗೆಯ ಲ್ಯಾವೆಂಡರ್ ಗಿಡಕ್ಕೂ ಇದೇ ಹೆಸರಿರುವುದರಿಂದ ವಾದ ಇನ್ನಷ್ಟು ಬೆಳೆದಿದೆ. ನನ್ನ ಒಲವು ತಣ್ಣನೆಯ ಹಾವಿನ ಕಡೆಗೆ.

ಇನ್ನೊಂದು ತಪ್ಪು ‘ಗ್ಲಾಸ್ ದ ವಿಯಾಂದ್’ ಎಂಬುದನ್ನು ‘ಮಾಂಸದ ಐಸ್’ ಎಂದು ಅನುವಾದಿಸುವುದು. ಫ್ರೆಂಚಿನಲ್ಲಿ ‘ಗ್ಲಾಸ್’ ಮಂಜುಗಡ್ಡೆಯೂ ಹೌದು, ಕನ್ನಡಿಯೂ ಹೌದು. ಇಲ್ಲಿ ಬೇಕಾದದ್ದು ಕನ್ನಡಿಯ ಹೊಳಪು. ಮಾಂಸದ ಸಾರನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಬತ್ತಿಸಿದರೆ ಚಮಚಕ್ಕೆ ಅಂಟುವ ಕಂದು ಪಾಕ ಸಿಗುತ್ತದೆ. ಅದು ಸಾಸ್‌ಗೆ ಸತ್ವ ಕೊಡುತ್ತದೆ, ಬಿಸಿ ಮಾಂಸಕ್ಕೆ ಮೆರುಗು ಕೊಡುತ್ತದೆ. ‘ಶೋಫ್ರುವಾ’ ಬೇರೆಯೇ: ಬಿಸಿಯಾಗಿ ಬೇಯಿಸಿ, ತಣ್ಣಗಾದ ಮೇಲೆ ಜೆಲೇ ಬೆರೆಸಿದ ಸಾಸ್ ಹೊದಿಸಿ ಬಡಿಸುವ ತಿನಿಸು. ಆ ಹೊದಿಕೆಯಾಚೆ ಏನೂ ಕಾಣುವುದಿಲ್ಲ.

ಜೆಲೇಗೆ ಬದಲಾಗಿ ಚೈನಾ ಗ್ರಾಸ್ ಹಾಕಿದರೆ ಆಯಿತು ಎನ್ನುವವರಿಗೆ ಒಂದು ಮಾತು. ಚೈನಾ ಗ್ರಾಸ್ ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಬಾಯಲ್ಲಿ ಅದು ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ. ಮೂಳೆ, ಚರ್ಮಗಳಿಂದ ಸಾರಿಗೆ ಇಳಿದು ಅದನ್ನು ಹೆಪ್ಪುಗಟ್ಟಿಸುವ ಜೆಲಾಟಿನ್ ಸುಮಾರು 35 ಡಿಗ್ರಿಗೇ ಕರಗುವುದರಿಂದ ಜೆಲೇ ನಾಲಿಗೆಯ ಮೇಲೆ ಮತ್ತೆ ಸಾರಾಗುತ್ತದೆ.