ಪ್ರೀಮಿಯಂ ಕಡಿಮೆ ಇದ್ದರೆ ವಿಮೆ ಅಗ್ಗವೇ?

ಪ್ರಶ್ನೆ: ಕೆಲಸಕ್ಕೆಂದು ಬೇರೆ ದೇಶಕ್ಕೆ ಹೊರಟಿದ್ದೇನೆ. ಕಂಪನಿಯೇ ಆರೋಗ್ಯ ವಿಮೆ ಮಾಡಿಸುತ್ತದಂತೆ. ಅಷ್ಟು ಸಾಕೇ? ನಾನೇ ಇನ್ನೊಂದು ಮಾಡಿಸುವುದಾದರೆ ಪ್ರೀಮಿಯಂ ಕಡಿಮೆ ಇರುವುದನ್ನು ಆರಿಸಲೇ, ಹೆಚ್ಚಿರುವುದನ್ನೇ?

ಉತ್ತರ: ಪ್ರೀಮಿಯಂ ಎಂಬುದು ವಿಮೆಯ ಬೆಲೆಯಲ್ಲಿ ಮೊದಲ ಕಂತು ಇದ್ದ ಹಾಗೆ. ಬಾಕಿಯನ್ನು ಕಾಯಿಲೆ ಬಿದ್ದಾಗ ತೆರುತ್ತೀರಿ. ಆದ್ದರಿಂದ ಎರಡು ಪಾಲಿಸಿಗಳನ್ನು ಅಕ್ಕಪಕ್ಕ ಇಟ್ಟಾಗ, ಆಸ್ಪತ್ರೆ ಸೇರುವಂಥ ಕೆಟ್ಟ ವರ್ಷ ಬಂದರೆ ನಿಮ್ಮ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ ಎಂದು ನೋಡಬೇಕು. ಅದಕ್ಕೆ ಪ್ರೀಮಿಯಂ ಜೊತೆಗೆ ಇನ್ನೂ ಮೂರು ಅಂಕಿ ಬೇಕು. ಡಿಡಕ್ಟಿಬಲ್, ಅಂದರೆ ವಿಮಾ ಕಂಪನಿ ಕೈ ಹಾಕುವ ಮೊದಲು ನೀವೇ ಭರಿಸಬೇಕಾದ ಮೊತ್ತ. ಕೋ-ಪೇ, ಅಂದರೆ ಆಮೇಲಿನ ಬಿಲ್ಲಿನಲ್ಲಿ ನಿಮ್ಮ ಶೇಕಡಾ ಪಾಲು. ಮತ್ತೆ ಇವೆರಡೂ ಸೇರಿ ವರ್ಷಕ್ಕೆ ಇಷ್ಟನ್ನು ಮೀರುವಂತಿಲ್ಲ ಎಂಬ ಗರಿಷ್ಠ ಮಿತಿ.

ಲೆಕ್ಕಕ್ಕಾಗಿ ಎರಡು ಕಾಲ್ಪನಿಕ ಪಾಲಿಸಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯದಕ್ಕೆ ಪ್ರೀಮಿಯಂ 1,200 ಡಾಲರ್, ಡಿಡಕ್ಟಿಬಲ್ 2,500, ಕೋ-ಪೇ ಶೇ. 20, ಗರಿಷ್ಠ ಮಿತಿ 5,000. ಎರಡನೆಯದಕ್ಕೆ ಪ್ರೀಮಿಯಂ 2,400, ಡಿಡಕ್ಟಿಬಲ್ 250, ಕೋ-ಪೇ ಶೇ. 10, ಮಿತಿ 2,000. ಇಡೀ ವರ್ಷ ಆಸ್ಪತ್ರೆಯ ಮುಖ ನೋಡದಿದ್ದರೆ ಮೊದಲನೆಯದರಲ್ಲಿ 1,200 ಡಾಲರ್ ಉಳಿಯುತ್ತದೆ. 20,000 ಡಾಲರಿನ ಶಸ್ತ್ರಚಿಕಿತ್ಸೆ ಬಂತೆನ್ನಿ: ಮೊದಲನೆಯದರಲ್ಲಿ ನಿಮ್ಮ ಪಾಲು 6,000ಕ್ಕೆ ಏರಿ, ಮಿತಿ ಇರುವುದರಿಂದ 5,000ಕ್ಕೆ ನಿಲ್ಲುತ್ತದೆ. ಪ್ರೀಮಿಯಂ ಸೇರಿ 6,200. ಎರಡನೆಯದರಲ್ಲಿ 2,225 ಆಗಬೇಕಾದದ್ದು 2,000ಕ್ಕೆ ನಿಂತು, ಒಟ್ಟು 4,400. ಎರಡೂ ಸಮನಾಗುವುದು ವರ್ಷದ ಬಿಲ್ ಸುಮಾರು 1,600 ಡಾಲರ್ ಆದಾಗ. ಅದಕ್ಕಿಂತ ಕೆಳಗೆ ಮೊದಲನೆಯದು ಲಾಭ, ಮೇಲೆ ಎರಡನೆಯದು.

ಹಾಗಾದರೆ ಯಾವುದು? 5,000 ಡಾಲರ್ ಯಾವಾಗ ಬೇಕಾದರೂ ತೆಗೆಯುವಂತೆ ಬ್ಯಾಂಕಿನಲ್ಲಿದ್ದು, ನಿತ್ಯ ಔಷಧ ಬೇಕಿಲ್ಲದ ಆರೋಗ್ಯವಂತರಿಗೆ ಮೊದಲನೆಯದೇ ಸರಿ. ಆದರೆ ಪರದೇಶದ ಮೊದಲ ವರ್ಷದಲ್ಲಿ ಕೈಯಲ್ಲಿ ಅಷ್ಟು ದುಡ್ಡಿರುವವರು ಕಡಿಮೆ. ಬಾಡಿಗೆ ಮನೆಯ ಮುಂಗಡಕ್ಕೇ ಎಲ್ಲ ಹೋಗಿರುತ್ತದೆ. ಅಂಥವರು ಮೊದಲ ವರ್ಷ ಹೆಚ್ಚು ಪ್ರೀಮಿಯಂ ಕಟ್ಟಿ, ಉಳಿತಾಯ ಬೆಳೆದ ಮೇಲೆ ಡಿಡಕ್ಟಿಬಲ್ ಏರಿಸಿಕೊಳ್ಳುವುದು ಜಾಣತನ. ಇದರ ಉಲ್ಟಾ ಮಾಡುವುದು ಕಷ್ಟ: ಡಿಡಕ್ಟಿಬಲ್ ಇಳಿಸಿ ಎಂದು ಕೇಳಿದರೆ ಅನೇಕ ಕಂಪನಿಗಳು ಆರೋಗ್ಯದ ವಿವರವನ್ನು ಹೊಸದಾಗಿ ಕೇಳುತ್ತವೆ. ಕೋ-ಪೇಗೆ ಗರಿಷ್ಠ ಮಿತಿಯೇ ಇಲ್ಲದ ಪಾಲಿಸಿಗಳೂ ಇವೆ, ಹುಷಾರು. ಶೇ. 20 ಚಿಕ್ಕದಾಗಿ ಕಾಣುತ್ತದೆ. ಲಕ್ಷ ಡಾಲರಿನ ಬಿಲ್ಲಿಗೆ ಅದು 20,000.

ಇನ್ನು ಕಂಪನಿ ಕೊಡುವ ವಿಮೆ. ಕೆಲವು ದೇಶಗಳಲ್ಲಿ ಕನಿಷ್ಠ ಮಟ್ಟವನ್ನು ಕಾನೂನೇ ಗೊತ್ತುಮಾಡಿದೆ. ಸಿಂಗಪುರದಲ್ಲಿ ವರ್ಕ್ ಪರ್ಮಿಟ್ ಮತ್ತು ಎಸ್ ಪಾಸ್ (ಮಧ್ಯಮ ಕೌಶಲದವರಿಗೆ ಕೊಡುವ ಕೆಲಸದ ಪರವಾನಗಿ) ನೌಕರರಿಗೆ ಮಾಲೀಕರು 2023ರ ಜುಲೈ 1ರಿಂದ ವರ್ಷಕ್ಕೆ ಕನಿಷ್ಠ 60,000 ಸಿಂಗಪುರ ಡಾಲರಿನ ವಿಮೆ ಮಾಡಿಸಬೇಕು. ದುಬೈನ ಮೂಲ ಯೋಜನೆಯ ವಾರ್ಷಿಕ ಮಿತಿ 1,50,000 ದಿರ್ಹಾಮ್. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಕಂತು ಸಂಬಳದ ಶೇಕಡಾ ಲೆಕ್ಕದಲ್ಲಿ ಕಡಿತವಾಗುತ್ತದೆ, ಆದಾಯವಿಲ್ಲದ ಸಂಗಾತಿ ಮತ್ತು ಮಕ್ಕಳಿಗೆ ಬೇರೆ ಕಂತಿಲ್ಲ. ಮೂರೂ ಬೇರೆ ಬೇರೆ ಜಾತಿಯವು. ಹಾಗಾಗಿ "ಮೆಡಿಕಲ್ ಇದೆ" ಎಂಬ ಎಚ್‌ಆರ್ ಮಾತಿಗೆ ತಲೆಯಾಡಿಸಬೇಡಿ. ಆಫರ್‌ಗೆ ಸಹಿ ಹಾಕುವ ಮೊದಲೇ ಸೌಲಭ್ಯಗಳ ಪಟ್ಟಿ ಮತ್ತು ನೆಟ್‌ವರ್ಕ್ ಆಸ್ಪತ್ರೆಗಳ, ಅಂದರೆ ವಿಮಾ ಕಂಪನಿಯ ಜೊತೆ ಒಪ್ಪಂದವಿರುವ ಆಸ್ಪತ್ರೆಗಳ ಪಟ್ಟಿ ತರಿಸಿಕೊಳ್ಳಿ.

ಪಟ್ಟಿ ಬಂದ ಮೇಲೆ ದೊಡ್ಡ ಅಕ್ಷರದ ವಾರ್ಷಿಕ ಮಿತಿಗಿಂತ ಅದರ ಕೆಳಗಿನ ಉಪಮಿತಿಗಳನ್ನು ಓದಿ. ಮಿತಿ ಹತ್ತು ಲಕ್ಷವಿದ್ದು ಕ್ಯಾನ್ಸರ್ ಚಿಕಿತ್ಸೆಗೋ ಡಯಾಲಿಸಿಸ್‌ಗೋ ಅದರಲ್ಲಿ ಸಣ್ಣ ಪಾಲನ್ನಷ್ಟೇ ಇಟ್ಟಿದ್ದರೆ, ಆ ಕಾಯಿಲೆಯ ಮಟ್ಟಿಗೆ ನಿಮ್ಮ ವಿಮೆ ಅಷ್ಟೇ. ಹೆರಿಗೆಗೆ ಸಾಮಾನ್ಯವಾಗಿ 10ರಿಂದ 12 ತಿಂಗಳ ಕಾಯುವ ಅವಧಿ ಇರುತ್ತದೆ. ಗರ್ಭ ನಿಂತ ಮೇಲೆ ಪಾಲಿಸಿ ಮಾಡಿಸಿ ಪ್ರಯೋಜನವಿಲ್ಲ. ಹಲ್ಲು, ಕನ್ನಡಕ ಹೆಚ್ಚಾಗಿ ಹೊರಗೇ.

ಅಂತರರಾಷ್ಟ್ರೀಯ ಪಾಲಿಸಿಗಳಲ್ಲಿ ಬೆಲೆಯನ್ನು ಬಹುವಾಗಿ ಏರಿಳಿಸುವುದು ಅಮೆರಿಕ ಸೇರಿದೆಯೇ ಇಲ್ಲವೇ ಎಂಬ ಒಂದು ಸಾಲು. ಅಲ್ಲಿಗೆ ಹೋಗುವ ಕೆಲಸವಿಲ್ಲದಿದ್ದರೆ ಆ ದೇಶವನ್ನು ಬಿಟ್ಟಿರುವ ಪಾಲಿಸಿ ತೆಗೆದುಕೊಳ್ಳಿ. ಖರ್ಚು ಇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ರಜೆಗೆ ತಾಯ್ನಾಡಿಗೆ ಬಂದಾಗಲೂ ವಿಮೆ ನಡೆಯುತ್ತದೆಯೇ, ನಡೆದರೆ ಎಷ್ಟು ದಿನ, ತುರ್ತು ಚಿಕಿತ್ಸೆಗೆ ಮಾತ್ರವೇ ಎಂದು ಕೇಳಿ. ತುರ್ತು ಸ್ಥಳಾಂತರ ಎಂದು ಬರೆದಿದ್ದರೆ ಊರಿಗೆ ಕರೆತರುತ್ತಾರೆಂದು ಎಣಿಸಬೇಡಿ. ಅದರ ಅರ್ಥ ಸಾಮಾನ್ಯವಾಗಿ ಸರಿಯಾದ ಚಿಕಿತ್ಸೆ ಸಿಗುವ ಅತಿ ಹತ್ತಿರದ ಆಸ್ಪತ್ರೆಗೆ ಸಾಗಿಸುವುದು, ಅದೂ ವಿಮಾ ಕಂಪನಿ ಒಪ್ಪಿದ ಮೇಲೆ. ಮೃತದೇಹವನ್ನು ಊರಿಗೆ ತರುವ ವೆಚ್ಚದ್ದು ಬೇರೆಯೇ ಷರತ್ತು. ಕೇಳಲು ಕಷ್ಟದ ಪ್ರಶ್ನೆ, ಆದರೂ ಕೇಳಿ.

ಕ್ಲೇಮ್ ಕೆಡುವುದು ಬಹುಪಾಲು ಎರಡು ಕಡೆ. ಒಂದು, ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಅಥವಾ ಹಳೆಯ ಆಪರೇಷನ್ ಮುಚ್ಚಿಟ್ಟಾಗ. ಏಜೆಂಟ್ "ಪರವಾಗಿಲ್ಲ, ಬರೀಬೇಡಿ" ಎಂದರೂ ಸಹಿ ನಿಮ್ಮದೇ. ಆಸ್ಪತ್ರೆಯ ಕಡತ ತರಿಸಿ ನೋಡಿದಾಗ ಪಾಲಿಸಿಯೇ ರದ್ದಾಗಬಹುದು. ಎರಡು, ಮೊದಲೇ ನಿಗದಿಯಾದ ಚಿಕಿತ್ಸೆಗೆ ವಿಮಾ ಕಂಪನಿಯ ಮುಂಚಿತ ಒಪ್ಪಿಗೆ ಪಡೆಯದಿದ್ದಾಗ. ತುರ್ತಿನಲ್ಲಿ ಸೇರಿದರೂ ಅನೇಕ ಪಾಲಿಸಿಗಳು 24ರಿಂದ 48 ಗಂಟೆಯೊಳಗೆ ತಿಳಿಸಲು ಹೇಳುತ್ತವೆ. ಸಹಾಯವಾಣಿ ಸಂಖ್ಯೆ ಮನೆಯವರ ಫೋನಿನಲ್ಲೂ ಇರಲಿ, ಪ್ರಜ್ಞೆ ತಪ್ಪಿದವರು ಕರೆ ಮಾಡಲಾಗುವುದಿಲ್ಲವಲ್ಲ.

ಪ್ರವಾಸ ವಿಮೆಯಿಂದ ಇದೆಲ್ಲ ಸಾಗದು. ಅದು ತುರ್ತಿಗೆ ಮಾತ್ರ, ದೀರ್ಘ ಕಾಯಿಲೆಗಲ್ಲ. ಕೆಲಸದ ಜಾಗದಲ್ಲಿ ಆಗುವ ಗಾಯಕ್ಕೆ ಅನೇಕ ದೇಶಗಳಲ್ಲಿ ಪ್ರತ್ಯೇಕ ಪರಿಹಾರ ವಿಮೆ ಇರುವುದರಿಂದ ಅದು ಆರೋಗ್ಯ ವಿಮೆಯ ಲೆಕ್ಕಕ್ಕೆ ಬರದಿರಬಹುದು.

ಇಷ್ಟೆಲ್ಲ ನೋಡಿದ ಮೇಲೆ ಕಂಪನಿಯ ವಿಮೆ ಚೆನ್ನಾಗಿಯೇ ಇದ್ದರೂ ಅದರಲ್ಲೊಂದು ತೂತು ಉಳಿಯುತ್ತದೆ: ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಕಂಪನಿ ಎಲ್ಲ ನೌಕರರಿಗೂ ಸೇರಿಸಿ ಮಾಡಿಸುವ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗಳನ್ನೂ ಸೇರಿಸಿಕೊಂಡಿರಬಹುದು. ಹೊರಬಿದ್ದು ಸ್ವಂತ ಪಾಲಿಸಿ ಕೇಳುವಾಗ ಅದೇ ಕಾಯಿಲೆಗೆ ಕಾಯುವ ಅವಧಿ ಮೊದಲಿನಿಂದ ಶುರು, ಇಲ್ಲವೇ ಅದು ಪೂರ್ತಿ ಹೊರಗೆ. ಆದ್ದರಿಂದ ತಾಯ್ನಾಡಿನಲ್ಲಿ ಪಾಲಿಸಿ ಇದ್ದು ಅದರ ಕಾಯುವ ಅವಧಿ ಮುಗಿದಿದ್ದರೆ ವಿದೇಶಕ್ಕೆ ಹೋದಿರೆಂದು ಅದನ್ನು ಬಿಡಬೇಡಿ. ವಿಮಾ ಮೊತ್ತ ತಗ್ಗಿಸಿಯಾದರೂ ನವೀಕರಿಸುತ್ತಿರಿ. ಇತ್ತ ಕಂಪನಿಯನ್ನು ಕೇಳಬೇಕಾದ್ದು: ವಿಮೆ ಕೊನೆಗೊಳ್ಳುವುದು ಕೆಲಸದ ಕಡೆಯ ದಿನವೇ, ತಿಂಗಳ ಕೊನೆಗೇ, ವೀಸಾ ರದ್ದಾದ ದಿನವೇ? ವೈದ್ಯಕೀಯ ಪ್ರಶ್ನೆಗಳಿಲ್ಲದೆ ಸ್ವಂತ ಪಾಲಿಸಿಗೆ ಬದಲಾಗುವ ಅವಕಾಶ ಇದೆಯೇ, ಇದ್ದರೆ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು? ಈ ಉತ್ತರಗಳನ್ನು ಇಮೇಲ್‌ನಲ್ಲೇ ಪಡೆಯಿರಿ, ಬಾಯಿಮಾತಿನಲ್ಲಿ ಬೇಡ.