ಹದಿಮೂರು ಕಿಲೋಮೀಟರ್ ಎಂಬ ತಪ್ಪು ಲೆಕ್ಕ

ಕುಮಾರ ಪರ್ವತಕ್ಕೆ ಚಾರಣಿಗರನ್ನು ಕರೆದೊಯ್ಯುವ ನನಗೆ ವರ್ಷವರ್ಷವೂ ಎದುರಾಗುವ ಪ್ರಶ್ನೆ ಒಂದೇ: ‘ಕುಕ್ಕೆಯಿಂದ ಹದಿಮೂರು ಕಿಲೋಮೀಟರ್ ತಾನೇ, ಮೂರು ಗಂಟೆ ಸಾಕಲ್ಲವೇ?’ ಸಾಲದು. ಊರಿನ ರಸ್ತೆಯನ್ನು ಕಿಲೋಮೀಟರಿನಲ್ಲಿ ಅಳೆಯಬಹುದು, ಬೆಟ್ಟವನ್ನು ಏರಿನಲ್ಲೇ ಅಳೆಯಬೇಕು.

ಶಿಖರದ ಎತ್ತರ 1712 ಮೀಟರ್. ಸುಬ್ರಹ್ಮಣ್ಯ ಊರಿರುವುದು ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಎಂದರೆ ಒಂದೇ ದಿನದಲ್ಲಿ ಹತ್ತಬೇಕಾದದ್ದು ಸುಮಾರು 1600 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ ನಾನು ಇಂದಿಗೂ ಬಳಸುತ್ತೇನೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಲೆಕ್ಕ ಹಾಕಿದರೆ ಐದೂಕಾಲು ಗಂಟೆಯಾಗುತ್ತದೆ. ಅದೂ ಎಲ್ಲೂ ಕೂರದೆ, ನೀರು ಕುಡಿಯದೆ, ಫೋಟೋ ತೆಗೆಯದೆ ನಡೆದರೆ. ಗಟ್ಟಿ ಕಾಲಿನವರಿಗೆ ಹೇಳಿದ ಲೆಕ್ಕವಿದು, ಎಲ್ಲರಿಗೂ ಹೊಂದುತ್ತದೆಂದು ನಾನು ಹೇಳಲಾರೆ.

ಇಳಿಯುವಾಗ ಬೇಗ ಬರಬಹುದೆಂಬ ನಂಬಿಕೆಯೂ ಸರಿಯಲ್ಲ. ಇಳಿಜಾರಿನ ಹುಲ್ಲುಗಾವಲಿನಲ್ಲಿ ಸಣ್ಣ ಕಲ್ಲುಗಳು ಜಾರುತ್ತವೆ, ಮಂಡಿ ಸೋಲುತ್ತದೆ. ದಾರಿಯ ನಡುವೆ ಸಿಗುವ ಭಟ್ಟರ ಮನೆಯ ಕೆಳಗಿನ ದಟ್ಟ ಕಾಡು, ಇಳಿಯುವಾಗ ಕೊನೆಗೆ ಬರುತ್ತದೆ. ಮೇಲಿನ ಹುಲ್ಲಿನ ಮೇಲೆ ಇನ್ನೂ ಬಿಸಿಲಿರುವಾಗಲೇ ಅಲ್ಲಿ ಕತ್ತಲೆ ಕವಿದಿರುತ್ತದೆ.

ಒಮ್ಮೆ, ಶಿಖರಕ್ಕೆ ಮುನ್ನ ಸಿಗುವ ಶೇಷ ಪರ್ವತ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ನಿತ್ಯ ಹತ್ತು ಕಿಲೋಮೀಟರ್ ಓಡುವ ಬೆಂಗಳೂರಿನ ಯುವಕನೊಬ್ಬ, ‘ಅಣ್ಣಾ, ಶಿಖರ ಇಲ್ಲೇ ಕಾಣುತ್ತಿದೆಯಲ್ಲ’ ಎಂದು ಬೇಡಿಕೊಂಡ. ಅಲ್ಲಿಂದ ಶಿಖರ ಕೈಗೆಟಕುವಂತೆ ಕಾಣುವುದು ನಿಜ. ಆದರೆ ನಡುವಿನ ಕಣಿವೆಯ ದಟ್ಟ ಶೋಲಾ ಕಾಡಿಗೆ ಇಳಿದು, ಮತ್ತೆ ಕಡಿದಾದ ಬಂಡೆ ಹತ್ತಬೇಕು. ಅವನ ಮುಖ ನೋಡಿ ಒಪ್ಪಿಬಿಟ್ಟೆ, ಒಪ್ಪಬಾರದಿತ್ತು. ಮರಳುವಾಗ ಅವನ ಬಲಮಂಡಿ ಮಡಚದಾಯಿತು. ಕೊನೆಯ ಕಾಡಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ತರಗೆಲೆಗಳಡಿಯ ಬೇರುಗಳನ್ನು ಪಾದದಿಂದಲೇ ತಡವುತ್ತಾ, ಒಂದೇ ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಹೆಜ್ಜೆ ಇಳಿದ. ಒಮ್ಮೆಯೂ ಗೊಣಗಲಿಲ್ಲ, ಒಳ್ಳೆಯ ಹುಡುಗ. ಕುಕ್ಕೆಯ ದೀಪಗಳು ಕಂಡಾಗ ರಾತ್ರಿ ಹತ್ತೂವರೆ.

ಆಮೇಲಿನಿಂದ, ಬೆಳಿಗ್ಗೆ ಆರಕ್ಕೆ ಹೊರಟ ನನ್ನ ತಂಡ ಹನ್ನೆರಡರೊಳಗೆ ಶೇಷ ಪರ್ವತ ತಲುಪದಿದ್ದರೆ, ಆಕಾಶ ಎಷ್ಟೇ ತಿಳಿಯಾಗಿರಲಿ, ಅಲ್ಲಿಯೇ ಬುತ್ತಿ ಬಿಚ್ಚಿ ಉಂಡು ಕೆಳಗಿಳಿಯುತ್ತದೆ.