ಮ್ಯಾನೇಜರು ಡಿಶಿ ಅಂತೆ!

ಮಂಡ್ಯದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ವ್ಯಾಕರಣ ತಪ್ಪಿದರೆ ನನಗೆ ಸಿಟ್ಟಿಲ್ಲ, ಅದು ತಿದ್ದಿದರೆ ಸರಿಹೋಗುತ್ತೆ. ಮೊಬೈಲಿನಲ್ಲಿ ಸಮಾನಾರ್ಥಕ ಪದ ಹುಡುಕಿ, ಮೊದಲು ಕಂಡದ್ದನ್ನೇ ಎತ್ತಿ ಮನುಷ್ಯರ ತಲೆಗೆ ಕಟ್ಟುತ್ತಾರಲ್ಲ, ಅದಕ್ಕೆ ಮಾತ್ರ ಮೈ ಉರಿಯುತ್ತೆ. ಈಚೆಗೆ ಆ ಪದ 'ಡಿಶಿ' (dishy).

ಮದ್ದೂರು ಕಡೆಯ ಹುಡುಗ. ಮೈಸೂರಿನ ಕಂಪನಿಯೊಂದರಲ್ಲಿ ಕೆಲಸ, ದಿನಾ ಲಂಡನ್ನಿನವರ ಜೊತೆ ಚಾಟ್. ಅವನ ಮ್ಯಾನೇಜರಿಗೆ ಊರ ಉಸಾಬರಿಯೆಲ್ಲ ಬೇಕು. ಯಾರ ಸಂಬಂಧ ಮುರಿಯಿತು, ಯಾರು ರಾಜೀನಾಮೆ ಬರೆದಿಟ್ಟುಕೊಂಡಿದ್ದಾರೆ, ಎಲ್ಲ ಅವರ ನಾಲಿಗೆ ತುದಿಯಲ್ಲಿ. 'ಗಾಸಿಪಿ' ಅನ್ನೋದು ತೀರಾ ಸಪ್ಪೆಯಾಯಿತು ಅನ್ನಿಸಿ ಹುಡುಗ ಬರೆದ: 'ಅವರ್ ಮ್ಯಾನೇಜರ್ ಈಸ್ ವೆರಿ ಡಿಶಿ.' ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದೇ ಸಾಲು: 'ಅವರಿಗೆ ಹೇಳಿದ್ದೀಯಾ?'

ಇಂಗ್ಲೆಂಡಿನಲ್ಲಿ ಡಿಶಿ ಅಂದರೆ ನೋಡೋಕೆ ಚೆಂದ, ಮನಸ್ಸು ಸೆಳೆಯುವ ಹಾಗಿರೋರು.

'ಮೊಬೈಲ್‌ನಲ್ಲಿ ಗಾಸಿಪಿ ಅಂತ್ಲೇ ಐತೆ ಸಾ' ಅಂತ ನನ್ನ ಮುಂದೆ ಹಿಡಿದ. ಇತ್ತು, ಸುಳ್ಳಲ್ಲ. ಅದು ಅಮೆರಿಕದ ಅರ್ಥ. ಡಿಶ್ ಅಂದರೆ ತಟ್ಟೆ, ಕ್ರಿಯಾಪದವಾದರೆ ಬಡಿಸು. ಕಂಡವರ ಕೊಳಕನ್ನೆಲ್ಲ ಬಡಿಸುವುದಕ್ಕೆ 'ಡಿಶ್ ದ ಡರ್ಟ್' ಅಂತ ಅಮೆರಿಕದವರು 1920ರ ದಶಕದಲ್ಲೇ ಹೇಳುತ್ತಿದ್ದರು. ಒಳಗುಟ್ಟುಗಳನ್ನು ಧಾರಾಳವಾಗಿ ಬಡಿಸುವ ಆತ್ಮಕಥೆ, ಸಂದರ್ಶನ, ಕಾಗದ ಅಲ್ಲಿ 'ಡಿಶಿ' ಅನ್ನಿಸಿಕೊಳ್ಳುತ್ತೆ. ಇಂಗ್ಲೆಂಡಿನವರು ಅದೇ ತಟ್ಟೆಯನ್ನು ಚೆಲುವಿಗೆ ಹಚ್ಚಿದರು. 1960ರ ದಶಕದಿಂದ ಈ ಅರ್ಥ ಓಡಾಡುತ್ತಿದೆ.

ಗಾಸಿಪಿನ ಅರ್ಥದಲ್ಲಿ ಬಳಸೋದಾದರೆ, ತರಗತಿಯಲ್ಲಿ ನಾನು ಹತ್ತು ಸಲ ಹೇಳೋದು ಇಷ್ಟು: ಈ ಪದವನ್ನು ಮಾತಿಗೆ ಹಚ್ಚಿ, ಮಾತಾಡುವವರಿಗೆ ಹಚ್ಚಬೇಡಿ. ಕನ್ನಡದಲ್ಲಿ ಇದು ನಮಗೆ ಯಾರೂ ಹೇಳಿಕೊಡದೆ ಗೊತ್ತು. ಚಾಡಿ ಬೇರೆ, ಚಾಡಿಕೋರ ಬೇರೆ. ಸುದ್ದಿ ರಸವತ್ತಾಗಿತ್ತು ಅಂತೀವಿ, ಸುದ್ದಿ ತಂದ ಪಕ್ಕದ್ಮನೆ ಅಕ್ಕನನ್ನ ರಸವತ್ತಾಗಿದ್ದಾರೆ ಅಂದರೆ ಅವರ ಯಜಮಾನರು ಮನೆ ಬಾಗಿಲಿಗೆ ಬರ್ತಾರೆ. 'ಜ್ಯೂಸಿ'ಯದೂ ಇದೇ ಗೋಳು. ಜ್ಯೂಸಿ ಗಾಸಿಪ್ ಸರಿ, ಜ್ಯೂಸಿ ಆಂಟಿ ಅಂದರೆ ಕೆಟ್ಟಿತು. ಮನುಷ್ಯರಿಗೆ 'ಗಾಸಿಪಿ' ಸಾಕು, ಅದು ಕಾಗದಕ್ಕೂ ಹೊಂದುತ್ತೆ, ಬಾಯಿಗೂ ಹೊಂದುತ್ತೆ. ಅಮೆರಿಕದಲ್ಲಿ ಅಪರೂಪಕ್ಕೆ ಅಂಕಣಕಾರರನ್ನೂ ಡಿಶಿ ಅಂದಾರು, ಇಲ್ಲವೇ ಇಲ್ಲ ಅಂತ ನಾನು ಹೇಳೋಲ್ಲ. ಆದರೆ ಕಲಿಯುವವರಿಗೆ ಆ ಸಾಹಸ ಬೇಡ. ಆಫೀಸಿನ ಮೇಲ್‌ನಲ್ಲಂತೂ ಬೇಡವೇ ಬೇಡ, ಆಡುಮಾತಿನ ಪದ ಅದು.

ಅಂದಹಾಗೆ ಗಾಸಿಪ್ ಹುಟ್ಟಿದ್ದು ಕೆಟ್ಟ ಮನೆಯಲ್ಲಲ್ಲ. ಹಳೆಯ ಇಂಗ್ಲಿಷಿನ 'ಗಾಡ್‌ಸಿಬ್', ಅಂದರೆ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ಹೊಣೆ ಹೊರುವವರು. ಅದು ಆಪ್ತ ಗೆಳತಿಯಾಯಿತು, ಹೆರಿಗೆ ಮನೆಯಲ್ಲಿ ಜೊತೆಗೆ ಕೂರುವ ಹೆಂಗಸರಾಯಿತು, ಕಡೆಗೆ ಅವರಾಡುವ ಮಾತೇ ಆಯಿತು. ನಮ್ಮ ಬಾಣಂತಿ ಕೋಣೆ ಮುಂದೆ ಒಂದು ಗಂಟೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗ ಕೇಳಿದ: 'ಈಗ ಏನಂತ ಬರೀಲಿ ಸಾ? ಸ್ಪೆಲ್ಲಿಂಗ್ ಮಿಸ್ಟೇಕು ಅಂದ್ಬಿಡ್ಲಾ?' ಬೇಡ ಕಣಪ್ಪ, ಸುಮ್ಮನಿದ್ದುಬಿಡು, ಮರೀತಾರೆ ಅಂದೆ. ನನ್ನ ಸಲಹೆ ಫಲಿಸಲಿಲ್ಲ. ಲಂಡನ್ನಿನವನು ಈಗಲೂ ಪ್ರತಿ ಸೋಮವಾರ ಮ್ಯಾನೇಜರ ಯೋಗಕ್ಷೇಮ ವಿಚಾರಿಸುತ್ತಾನಂತೆ.